ಪೆಪ್ಟೈಡ್ ಸಂಶ್ಲೇಷಣೆಗೆ ರಕ್ಷಿತ ಅಮೈನೋ ಆಮ್ಲಗಳು: ಲೇಬಲ್ ಓದುವುದರಿಂದ ಕೊನೆಯ ತೂಕದವರೆಗೆ

ಪೆಪ್ಟೈಡ್ ಕೆಲಸಕ್ಕೆ ಹೊಸದಾಗಿ ಇಳಿಯುವ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಕ್ಯಾಟಲಾಗು ತೆರೆದರೆ ಲೈಸೀನ್ ಎಂಬ ಒಂದೇ ಅಮೈನೋ ಆಮ್ಲ ಹತ್ತಾರು ರೂಪಗಳಲ್ಲಿ ಕಾಣುತ್ತದೆ. ಅವುಗಳಲ್ಲಿ ಯಾವುದನ್ನು ತರಿಸಬೇಕು, ತರಿಸಿದ್ದನ್ನು ಹೇಗೆ ಇಟ್ಟುಕೊಳ್ಳಬೇಕು, ಎಷ್ಟು ತೂಗಬೇಕು, ಜೋಡಣೆ ಆಗಿದೆಯೆಂದು ಹೇಗೆ ತಿಳಿಯಬೇಕು? ಪೆಪ್ಟೈಡ್ ಕೆಟ್ಟಾಗ ನಾವು ಮೊದಲು ಅನುಮಾನಿಸುವುದು ಯಂತ್ರವನ್ನು ಅಥವಾ ಜೋಡಣೆಯ ಕಾರಕವನ್ನು. ಆದರೆ ಬಹಳ ಸಲ ತಪ್ಪು ಅದಕ್ಕೂ ಮೊದಲೇ, ಬಾಟಲಿಯ ಲೇಬಲ್ಲನ್ನು ಅರ್ಧ ಓದಿ ಮುಚ್ಚಳ ತೆರೆದ ಕ್ಷಣದಲ್ಲೇ ಆಗಿಹೋಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಪ್ರತಿಕ್ರಿಯೆಗೆ ಕೊಟ್ಟಷ್ಟೇ ಜಾಗವನ್ನು ಬಾಟಲಿಗೂ ಕೊಟ್ಟಿದ್ದೇನೆ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸೋಣ: ಗ್ಲೈಸೀನ್–ಆರ್ಜಿನೀನ್–ಗ್ಲೈಸೀನ್–ಆಸ್ಪಾರ್ಟಿಕ್ ಆಮ್ಲ–ಸೆರೀನ್ ಎಂಬ ಐದರ ಸರಣಿ, ಕೊನೆಯಲ್ಲಿ ಅಮೈಡ್. ಜೀವಕೋಶಗಳು ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಜಾಗ ಇದರಲ್ಲಿರುವ ಆರ್ಜಿನೀನ್–ಗ್ಲೈಸೀನ್–ಆಸ್ಪಾರ್ಟಿಕ್ ಆಮ್ಲದ ತುಣುಕೇ ಎಂದು ಪಿಯರ್ಸ್‌ಬಾಕರ್ ಮತ್ತು ರೂಸ್ಲಾಟಿ 1984ರಲ್ಲಿ ತೋರಿಸಿದರು. ಚಿಕ್ಕದಾದರೂ ಕಲಿಯುವವರಿಗೆ ಇದು ಒಳ್ಳೆಯ ಸರಣಿ, ಏಕೆಂದರೆ ಹೊಸಬರು ಎಡವುವ ಜಾಗಗಳೆಲ್ಲ ಹೆಚ್ಚುಕಡಿಮೆ ಇದರಲ್ಲೇ ಸಿಗುತ್ತವೆ.

ರಕ್ಷಣೆ ಏಕೆ ಬೇಕು

ಪ್ರತಿ ಅಮೈನೋ ಆಮ್ಲದಲ್ಲಿ ಒಂದು ಅಮೈನೋ ಗುಂಪು ಮತ್ತು ಒಂದು ಕಾರ್ಬಾಕ್ಸಿಲಿಕ್ ಆಮ್ಲ ಗುಂಪು ಇರುತ್ತವೆ. ಒಂದರ ಆಮ್ಲ ಇನ್ನೊಂದರ ಅಮೈನಿನೊಂದಿಗೆ ಸೇರಿದಾಗ ಪೆಪ್ಟೈಡ್ ಬಂಧ ಉಂಟಾಗುತ್ತದೆ. ಎರಡು ಅಮೈನೋ ಆಮ್ಲಗಳನ್ನು ಯಾವ ರಕ್ಷಣೆಯೂ ಇಲ್ಲದೆ ಬೆರೆಸಿ ಆಮ್ಲವನ್ನು ಸಕ್ರಿಯಗೊಳಿಸಿದರೆ ಯಾವುದು ಯಾವುದಕ್ಕಾದರೂ ಎಷ್ಟು ಬಾರಿಯಾದರೂ ಸೇರಿಕೊಳ್ಳುತ್ತದೆ. ಆದ್ದರಿಂದ ಸೇರಬಾರದ ಗುಂಪುಗಳ ಮೇಲೆ ತಾತ್ಕಾಲಿಕವಾಗಿ ಬೇರೊಂದು ಗುಂಪನ್ನು ಕೂರಿಸುತ್ತೇವೆ. ಅದೇ ರಕ್ಷಕ ಗುಂಪು. ಸುಲಭವಾಗಿ ತೆಗೆಯಬಹುದಾದ ಮೊದಲ ರಕ್ಷಕ ಗುಂಪನ್ನು ಬರ್ಗ್‌ಮನ್ ಮತ್ತು ಜೆರ್ವಾಸ್ 1932ರಲ್ಲಿ ಪ್ರಕಟಿಸಿದರು. ಸರಪಳಿಯ ಒಂದು ತುದಿಯನ್ನು ಕರಗದ ಮಣಿಗೆ ಕಟ್ಟಿ ಮಿಕ್ಕದ್ದನ್ನೆಲ್ಲ ತೊಳೆದು ಹಾಕುವ ಘನಾಧಾರ ವಿಧಾನವನ್ನು ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಕೊಟ್ಟರು, ಅದಕ್ಕಾಗಿ 1984ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಇಂದು ಹೆಚ್ಚಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಎಫ್‌ಮಾಕ್ ಗುಂಪನ್ನು ಕಾರ್ಪಿನೊ ಮತ್ತು ಹಾನ್ 1970ರಲ್ಲಿ ಪರಿಚಯಿಸಿದರು.

ಈ ವಿಧಾನದ ಜಾಣತನವೆಲ್ಲ ಇರುವುದು ಎರಡು ಬಗೆಯ ರಕ್ಷಣೆಗಳನ್ನು ಬೇರೆ ಬೇರೆಯಾಗಿ ಇಡುವುದರಲ್ಲಿ. ಅಮೈನೋ ಗುಂಪಿನ ಮೇಲಿನ ಎಫ್‌ಮಾಕ್ ಪಿಪೆರಿಡೀನಿನಂಥ ಪ್ರತ್ಯಾಮ್ಲಕ್ಕೆ ಮಾತ್ರ ಕಳಚುತ್ತದೆ; ಪಾರ್ಶ್ವ ಸರಪಳಿಯ, ಅಂದರೆ ಒಂದು ಅಮೈನೋ ಆಮ್ಲವನ್ನು ಇನ್ನೊಂದರಿಂದ ಬೇರೆಯಾಗಿಸುವ ಪಕ್ಕದ ಕವಲಿನ, ಮೇಲಿನ ಗುಂಪುಗಳು ಪ್ರಬಲ ಆಮ್ಲವಾದ ಟ್ರೈಫ್ಲೋರೊಅಸಿಟಿಕ್ ಆಮ್ಲಕ್ಕೆ, ಅಂದರೆ ಟಿಎಫ್‌ಎಗೆ ಮಾತ್ರ ಕಳಚುತ್ತವೆ. ಮೊದಲನೆಯದನ್ನು ಪ್ರತಿ ಸುತ್ತಿನಲ್ಲೂ ತೆಗೆಯುತ್ತೇವೆ, ಎರಡನೆಯದನ್ನು ಕೊನೆಗೆ ಒಂದೇ ಸಲ.

ಶುರು ಮಾಡುವ ಮೊದಲು ಸುರಕ್ಷತೆಯ ಮಾತು

ಟಿಎಫ್‌ಎ ಚರ್ಮವನ್ನು ಸುಡುತ್ತದೆ, ಅದರ ಹಬೆಯೂ ಅಪಾಯಕರ. ಡೈಮೀಥೈಲ್ ಫಾರ್ಮಮೈಡ್, ಅಂದರೆ ಡಿಎಂಎಫ್ ಎಂಬ ದ್ರಾವಕ ಚರ್ಮದ ಮೂಲಕ ಒಳಸೇರುತ್ತದೆ ಮತ್ತು ಗರ್ಭಕ್ಕೆ ಹಾನಿ ಮಾಡಬಲ್ಲದು. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ವಹಿಸುವುದೇ ಸರಿ. ಜೋಡಣೆಯ ಕಾರಕಗಳು, ಮುಖ್ಯವಾಗಿ ಡೈಐಸೊಪ್ರೊಪೈಲ್ ಕಾರ್ಬೊಡೈಇಮೈಡ್ (ಡಿಐಸಿ) ಮತ್ತು ಎಚ್‌ಬಿಟಿಯು, ಎಚ್‌ಎಟಿಯು ಕುಟುಂಬದವು, ಅಲರ್ಜಿಯನ್ನು ಉಂಟುಮಾಡುತ್ತವೆ. ಒಮ್ಮೆ ದೇಹ ಅವಕ್ಕೆ ಸಂವೇದಿಯಾದರೆ ಮುಂದೆ ಅಲ್ಪ ಪ್ರಮಾಣವೂ ತೀವ್ರ ಪ್ರತಿಕ್ರಿಯೆ ತರಬಹುದು. ಡಿಐಸಿ ಮತ್ತು ಅದರ ಜೊತೆಗೆ ಬಳಸುವ ಆಕ್ಸಿಮಾ ಎಂಬ ಸಹಾಯಕ ಕಾರಕ ಒಟ್ಟಿಗೆ ಇರುವಾಗ ನಿಧಾನವಾಗಿ ಹೈಡ್ರೊಜನ್ ಸಯನೈಡ್ ಹುಟ್ಟುತ್ತದೆ ಎಂಬುದೂ ಈಗ ತಿಳಿದಿರುವ ಸಂಗತಿ. ಎಲ್ಲ ಕೆಲಸವೂ ಫ್ಯೂಮ್ ಹುಡ್ಡಿನೊಳಗೇ ನಡೆಯಲಿ, ತ್ಯಾಜ್ಯದ ಬಾಟಲಿಯೂ ಅಲ್ಲೇ ಇರಲಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಹೀಗೆ ಮಾಡಿದ ಪೆಪ್ಟೈಡ್ ಸಂಶೋಧನೆಗೆ ಮಾತ್ರ. ಮನುಷ್ಯರ ದೇಹಕ್ಕೆ ಅದು ಯಾವ ಕಾರಣಕ್ಕೂ ಹೋಗಬಾರದು.

1. ಸರಣಿಯನ್ನು ಹಿಂದಿನಿಂದ ಬರೆದುಕೊಳ್ಳಿ

ಪೆಪ್ಟೈಡನ್ನು ಅಮೈನೋ ತುದಿಯಿಂದ ಓದುತ್ತೇವೆ, ಆದರೆ ಆಮ್ಲದ ತುದಿಯಿಂದ ಕಟ್ಟುತ್ತೇವೆ. ನಮ್ಮ ಉದಾಹರಣೆಯಲ್ಲಿ ಮೊದಲು ಮಣಿಗೆ ಸೇರುವುದು ಸೆರೀನ್, ನಂತರ ಆಸ್ಪಾರ್ಟಿಕ್ ಆಮ್ಲ, ಗ್ಲೈಸೀನ್, ಆರ್ಜಿನೀನ್, ಕೊನೆಗೆ ಮತ್ತೆ ಗ್ಲೈಸೀನ್. ಈ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಬರೆದು, ಪ್ರತಿ ಸಾಲಿನ ಮುಂದೆ ಬಳಸುವ ರಕ್ಷಿತ ರೂಪ, ಅಣುತೂಕ, ತೂಗಬೇಕಾದ ಮಿಲಿಗ್ರಾಂ ಮತ್ತು ಬಾಟಲಿಯ ಬ್ಯಾಚ್ ಸಂಖ್ಯೆಗೆ ಜಾಗ ಬಿಡಿ. ಸರಣಿಯನ್ನು ತಲೆಕೆಳಗಾಗಿ ಕಟ್ಟಿದವರು ಎಲ್ಲ ಪ್ರಯೋಗಾಲಯಗಳಲ್ಲೂ ಸಿಗುತ್ತಾರೆ. ಹಾಗೆ ಕಟ್ಟಿದ್ದರ ತೂಕ ಸರಿಯಾದದ್ದರ ತೂಕದಷ್ಟೇ ಇರುವುದರಿಂದ ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ನೋಡಿ ಸಂತೋಷಪಟ್ಟವರೂ ಇದ್ದಾರೆ.

2. ಪಾರ್ಶ್ವ ಸರಪಳಿಗೆ ತಕ್ಕ ರಕ್ಷಣೆಯನ್ನು ಆರಿಸಿ

ಗ್ಲೈಸೀನ್, ಅಲನೀನ್, ವ್ಯಾಲೀನ್, ಲ್ಯೂಸೀನ್, ಐಸೊಲ್ಯೂಸೀನ್, ಫಿನೈಲ್‌ಅಲನೀನ್, ಪ್ರೊಲೀನ್ ಮತ್ತು ಮೆಥಿಯೊನೀನ್‌ಗಳ ಪಾರ್ಶ್ವ ಸರಪಳಿಗೆ ರಕ್ಷಣೆ ಬೇಡ. ಎಫ್‌ಮಾಕ್ ಒಂದೇ ಸಾಕು. ಸೆರೀನ್, ಥ್ರಿಯೊನೀನ್, ಟೈರೊಸೀನ್‌ಗಳ ಹೈಡ್ರಾಕ್ಸಿಲ್ ಗುಂಪಿಗೆ ಟರ್ಷರಿ ಬ್ಯುಟೈಲ್ ಈಥರ್, ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳಿಗೆ ಟರ್ಷರಿ ಬ್ಯುಟೈಲ್ ಎಸ್ಟರ್, ಲೈಸೀನ್ ಮತ್ತು ಟ್ರಿಪ್ಟೊಫಾನ್‌ಗೆ ಬಾಕ್, ಆಸ್ಪರಜೀನ್, ಗ್ಲುಟಮೀನ್, ಸಿಸ್ಟೀನ್, ಹಿಸ್ಟಿಡೀನ್‌ಗೆ ಟ್ರೈಟೈಲ್, ಆರ್ಜಿನೀನ್‌ಗೆ ಪಿಬಿಎಫ್. ಇವೆಲ್ಲವೂ ಟಿಎಫ್‌ಎಗೆ ಕಳಚುವಂಥವು. ಬೇರೆ ಕಾರಣವಿಲ್ಲದಿದ್ದರೆ ಈ ಪಟ್ಟಿಯಿಂದ ಆಚೆ ಹೋಗುವ ಅಗತ್ಯವಿಲ್ಲ.

ಕಾರಣ ಯಾವಾಗ ಬರುತ್ತದೆ? ಒಂದು ಲೈಸೀನಿಗೆ ಮಾತ್ರ ಬಣ್ಣದ ಅಣುವನ್ನೋ ಕೊಬ್ಬಿನಾಮ್ಲವನ್ನೋ ಜೋಡಿಸಬೇಕಾದಾಗ, ಆ ಒಂದನ್ನು ಮಾತ್ರ ಬೇರೆ ವಿಧಾನದಿಂದ ತೆರೆಯಬೇಕಾಗುತ್ತದೆ. ಅಂಥಲ್ಲಿ ಡಿಸಿಎಂನಲ್ಲಿ, ಅಂದರೆ ಡೈಕ್ಲೋರೊಮೀಥೇನ್‌ನಲ್ಲಿ, ಶೇ. 1ರಷ್ಟು ಟಿಎಫ್‌ಎಗೆ ಕಳಚುವ ಎಂಟಿಟಿ, ಹೈಡ್ರಜೀನಿಗೆ ಕಳಚುವ ಐವಿಡಿಡಿಇ, ಪಲ್ಲಾಡಿಯಮ್‌ಗೆ ಕಳಚುವ ಅಲಾಕ್ ಗುಂಪುಗಳಿರುವ ಲೈಸೀನ್ ತರಿಸಿ. ನಿಸರ್ಗದ ಇಪ್ಪತ್ತರಲ್ಲಿ ಸೇರದ ಅಮೈನೋ ಆಮ್ಲಗಳೂ ಎಫ್‌ಮಾಕ್ ರೂಪದಲ್ಲಿ ದೊರೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಬಲರಾಮ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ಅಮೈನೋಐಸೊಬ್ಯುಟಿರಿಕ್ ಆಮ್ಲ, ಅಂದರೆ ಐಬ್, ಅಂಥದ್ದೊಂದು. ಇಂದು ಎಲ್ಲೆಡೆ ಹೆಸರು ಕೇಳಿಬರುವ ಸೆಮಾಗ್ಲುಟೈಡಿನಲ್ಲೂ ಒಂದು ಐಬ್ ಇದೆ. ಆದರೆ ಐಬ್‌ನಲ್ಲಿ ಒಂದೇ ಇಂಗಾಲಕ್ಕೆ ಎರಡು ಮೀಥೈಲ್‌ಗಳು ಇಕ್ಕಟ್ಟಾಗಿ ಕುಳಿತಿರುವುದರಿಂದ ಜೋಡಣೆ ಬಹಳ ನಿಧಾನ, ಅದರಲ್ಲೂ ಅದರ ಮೇಲೆ ಮುಂದಿನದನ್ನು ಕೂರಿಸುವಾಗ. ಮೊದಲ ಪೆಪ್ಟೈಡಿಗೆ ಅದನ್ನು ಆರಿಸಿಕೊಳ್ಳಬೇಡಿ.

3. ಲೇಬಲ್ಲನ್ನು ಕೊನೆಯ ಅಕ್ಷರದವರೆಗೆ ಓದಿ

ಈ ಹಂತದಲ್ಲಿ ಅವಸರ ಮಾಡಬೇಡಿ. ನಮಗೆ ಬೇಕಾದ ಆಸ್ಪಾರ್ಟಿಕ್ ಆಮ್ಲದ ಹೆಸರು ‘ಎಫ್‌ಮಾಕ್-ಆಸ್ಪ್(ಓಟಿಬ್ಯು)-ಓಎಚ್’. ಆವರಣದೊಳಗೆ ಬರೆದದ್ದು ಪಾರ್ಶ್ವ ಸರಪಳಿಯ ರಕ್ಷಣೆ, ಕೊನೆಯ ‘ಓಎಚ್’ ಎಂದರೆ ಮುಖ್ಯ ಆಮ್ಲ ಗುಂಪು ಜೋಡಣೆಗೆ ತೆರೆದಿದೆ ಎಂದು. ಅದೇ ಕಪಾಟಿನಲ್ಲಿ ‘ಎಫ್‌ಮಾಕ್-ಆಸ್ಪ್-ಓಟಿಬ್ಯು’ ಎಂಬ ಇನ್ನೊಂದು ಬಾಟಲಿ ಇರಬಹುದು. ಅದರಲ್ಲಿ ಮುಚ್ಚಿರುವುದು ಮುಖ್ಯ ಆಮ್ಲ, ತೆರೆದಿರುವುದು ಪಾರ್ಶ್ವದ ಆಮ್ಲ. ಎರಡರ ಅಣುತೂಕವೂ 411.5. ಎರಡನೆಯದನ್ನು ಬಳಸಿದರೆ ಜೋಡಣೆ ಚೆನ್ನಾಗಿಯೇ ಆಗುತ್ತದೆ, ಪರೀಕ್ಷೆಯೂ ಸರಿ ಬರುತ್ತದೆ, ಅಂತಿಮ ಪೆಪ್ಟೈಡಿನ ತೂಕವೂ ಮಿಲಿ ಅಂಶದವರೆಗೆ ಹೊಂದುತ್ತದೆ; ಆದರೆ ಸರಪಳಿ ಪಾರ್ಶ್ವದ ಮೂಲಕ ತಿರುಗಿ ಹೋಗಿರುತ್ತದೆ, ಜೀವಕೋಶ ಅದನ್ನು ಗುರುತಿಸುವುದಿಲ್ಲ. ತಿಂಗಳುಗಟ್ಟಲೆ ಜೀವಕೋಶಗಳ ಪ್ರಯೋಗ ವಿಫಲವಾದ ಮೇಲೆ ಬಾಟಲಿಯನ್ನು ತಿರುಗಿಸಿ ನೋಡುವ ಪರಿಸ್ಥಿತಿ ಯಾರಿಗೂ ಬರಬಾರದು. ‘ಎಫ್‌ಮಾಕ್-ಲೈಸ್(ಬಾಕ್)-ಓಎಚ್’ ಮತ್ತು ‘ಬಾಕ್-ಲೈಸ್(ಎಫ್‌ಮಾಕ್)-ಓಎಚ್’ ನಡುವೆಯೂ ಇದೇ ಗೊಂದಲವಿದೆ, ಎರಡೂ 468.5.

ಹೆಸರಿನಲ್ಲಿ ‘ಡಿ’ ಅಕ್ಷರ ಇದೆಯೇ ನೋಡಿ. ನಿಸರ್ಗದ ಪ್ರೋಟೀನುಗಳಲ್ಲಿರುವುದು ‘ಎಲ್’ ರೂಪ. ಕೆಲವು ಲೇಬಲ್ಲುಗಳಲ್ಲಿ ‘ಎಲ್’ ಎಂದು ಬರೆದಿರುವುದಿಲ್ಲ, ಹಾಗೆ ಬರೆಯದಿದ್ದರೆ ಅದು ಎಲ್ ಎಂದೇ ರೂಢಿ. ಡಿ ರೂಪದ ತೂಕವೂ ಒಂದೇ ಆಗಿರುವುದರಿಂದ ಇಲ್ಲೂ ಮಾಸ್ ಸ್ಪೆಕ್ಟ್ರಮ್ ನಿಮ್ಮನ್ನು ಕಾಪಾಡುವುದಿಲ್ಲ.

ಬಾಟಲಿಯೊಂದಿಗೆ ಬರುವ ವಿಶ್ಲೇಷಣಾ ಪ್ರಮಾಣಪತ್ರವನ್ನು, ಅಂದರೆ ಸಿಒಎಯನ್ನು ಕಡತದಲ್ಲಿ ಸೇರಿಸುವ ಮುನ್ನ ಓದಿ. ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಸ್ತಂಭದಲ್ಲಿ ಬೇರ್ಪಡಿಸಿ ಅಳೆಯುವ ವಿಧಾನ) ಶುದ್ಧತೆ ಶೇ. 99ಕ್ಕಿಂತ ಕಡಿಮೆ ಇರಬಾರದು. ಈ ಅಂಕಿ ಏಕೆ ಮುಖ್ಯ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ: ಪ್ರತಿ ಹಂತವೂ ಶೇ. 99 ಯಶಸ್ವಿಯಾದರೆ 20 ಹಂತಗಳ ನಂತರ ಸರಿಯಾದ ಪೆಪ್ಟೈಡ್ ಶೇ. 82ರಷ್ಟು ಉಳಿಯುತ್ತದೆ, ಶೇ. 98ಕ್ಕೆ ಇಳಿದರೆ ಉಳಿಯುವುದು ಶೇ. 67. ಅದೇ ಪತ್ರದಲ್ಲಿ ಡಿ ರೂಪದ ಪ್ರಮಾಣ, ರಕ್ಷಣೆಯಿಲ್ಲದ ಅಮೈನೋ ಆಮ್ಲದ ಪ್ರಮಾಣ ಮತ್ತು ಅಸಿಟಿಕ್ ಆಮ್ಲದ ಪ್ರಮಾಣ ಕೊಟ್ಟಿದ್ದರೆ ಅದು ಒಳ್ಳೆಯ ತಯಾರಕರ ಲಕ್ಷಣ. ರಕ್ಷಣೆಯಿಲ್ಲದ ಅಮೈನೋ ಆಮ್ಲ ಇದ್ದರೆ ಒಂದೇ ಸುತ್ತಿನಲ್ಲಿ ಎರಡು ಸಲ ಜೋಡಣೆಯಾಗಬಹುದು. ಅಸಿಟಿಕ್ ಆಮ್ಲ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದೂ ಸಕ್ರಿಯಗೊಂಡು ಸರಪಳಿಯ ತುದಿಯನ್ನು ಮುಚ್ಚಿಬಿಡುತ್ತದೆ, ಅಲ್ಲಿಂದ ಮುಂದೆ ಆ ಸರಪಳಿ ಬೆಳೆಯುವುದೇ ಇಲ್ಲ. ಸ್ಪೆಕ್ಟ್ರಮ್‌ನಲ್ಲಿ ತುಂಡು ಪೆಪ್ಟೈಡಿನ ತೂಕಕ್ಕೆ 42 ಸೇರಿ ಕಂಡರೆ ಇದನ್ನು ಅನುಮಾನಿಸಿ.

4. ತಂಪಾಗಿ ಇಡಿ, ಆದರೆ ತಂಪಾಗಿರುವಾಗ ತೆರೆಯಬೇಡಿ

ಎಫ್‌ಮಾಕ್ ಅಮೈನೋ ಆಮ್ಲಗಳು ಒಣ ಬಿಳಿ ಪುಡಿಗಳು. ಹೆಚ್ಚಿನವು 2–8 ಡಿಗ್ರಿ ಸೆಲ್ಸಿಯಸ್‌ನಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಕೆಡಿಸುವುದು ತೇವ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಕೂಡಲೇ ತೆರೆದರೆ ಗಾಳಿಯ ನೀರಿನಂಶ ತಣ್ಣನೆಯ ಪುಡಿಯ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಒಂದೇ ದಿನ ನಾಲ್ಕಾರು ಸಲ ಹೀಗೆ ತೆರೆದ ಬಾಟಲಿಯ ಪುಡಿ ಗಂಟುಕಟ್ಟುವುದನ್ನು ಕಣ್ಣಿನಿಂದಲೇ ನೋಡಬಹುದು. ಬಾಟಲಿಯನ್ನು ಮುಚ್ಚಳ ಸಮೇತ ಡೆಸಿಕೇಟರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ದೊಡ್ಡ ಬಾಟಲಿ ಕೊಂಡಿದ್ದರೆ ವಾರಕ್ಕೆ ಬೇಕಾದಷ್ಟನ್ನು ಸಣ್ಣ ಸೀಸೆಗೆ ತೆಗೆದಿಟ್ಟುಕೊಂಡರೆ ಮೂಲ ಬಾಟಲಿ ಪದೇ ಪದೇ ಗಾಳಿಗೆ ತೆರೆದುಕೊಳ್ಳುವುದಿಲ್ಲ. ಸಣ್ಣ ಸೀಸೆಯ ಮೇಲೆ ಪೂರ್ಣ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ಮೂರೂ ಇರಲಿ. ಬರೀ ‘ಆಸ್ಪ್’ ಎಂದು ಬರೆದಿಟ್ಟ ಸೀಸೆ ಹಿಂದಿನ ಹಂತದ ಗೊಂದಲವನ್ನೇ ಮರಳಿ ತರುತ್ತದೆ.

ಡಿಎಂಎಫ್‌ನಲ್ಲಿ ಕರಗಿಸಿಟ್ಟ ದ್ರಾವಣಗಳು ಪುಡಿಯಷ್ಟು ಬಾಳುವುದಿಲ್ಲ; ಕೆಲವು ದಿನಗಳೊಳಗೆ ಬಳಸಿ ಮುಗಿಸಿ. ಇದಕ್ಕೆ ಮುಖ್ಯ ಕಾರಣ ಡಿಎಂಎಫ್ ತಾನೇ. ಹಳೆಯದಾದಂತೆ ಅದು ಒಡೆದು ಡೈಮೀಥೈಲ್‌ಅಮೈನ್ ಬಿಡುತ್ತದೆ, ಆ ಅಮೈನ್ ಎಫ್‌ಮಾಕ್ ಗುಂಪನ್ನು ನಿಧಾನವಾಗಿ ಕಳಚುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಗೋದಾಮಿನಲ್ಲಿ ಕಾಲ ಕಳೆದ ಡ್ರಮ್ಮಿನ ಡಿಎಂಎಫ್ ಅಗ್ಗವಾಗಿ ಸಿಕ್ಕರೂ ಪೆಪ್ಟೈಡ್ ಕೆಲಸಕ್ಕೆ ಬೇಡ. ಅಮೈನ್ ಪ್ರಮಾಣ ಕಡಿಮೆಯೆಂದು ಖಚಿತಪಡಿಸಿದ ದರ್ಜೆಯನ್ನು ಸಣ್ಣ ಬಾಟಲಿಗಳಲ್ಲಿ ಕೊಳ್ಳಿ.

5. ತೂಕದ ಲೆಕ್ಕ

ನಮ್ಮ ಅಳತೆ 0.1 ಮಿಲಿಮೋಲ್. ಮಣಿಯ ಮೇಲಿರುವ ಅಮೈನಿಗಿಂತ ನಾಲ್ಕು ಪಟ್ಟು ಅಮೈನೋ ಆಮ್ಲ ಬಳಸೋಣ, ಅಂದರೆ ಪ್ರತಿ ಜೋಡಣೆಗೆ 0.4 ಮಿಲಿಮೋಲ್. ಎಫ್‌ಮಾಕ್-ಸೆರೀನ್(ಟರ್ಷರಿ ಬ್ಯುಟೈಲ್) 383.4, ಆದ್ದರಿಂದ 153 ಮಿಲಿಗ್ರಾಂ. ಎಫ್‌ಮಾಕ್-ಆಸ್ಪಾರ್ಟಿಕ್ ಆಮ್ಲ(ಟರ್ಷರಿ ಬ್ಯುಟೈಲ್ ಎಸ್ಟರ್) 411.5, ಆದ್ದರಿಂದ 165. ಎಫ್‌ಮಾಕ್-ಗ್ಲೈಸೀನ್ 297.3, ಆದ್ದರಿಂದ 119. ಇದನ್ನು ಎರಡು ಸಲ ತೂಗಬೇಕು. ಎಫ್‌ಮಾಕ್-ಆರ್ಜಿನೀನ್(ಪಿಬಿಎಫ್) 648.8, ಆದ್ದರಿಂದ 260. ಪ್ರತಿ ಜೋಡಣೆಗೂ ಆಕ್ಸಿಮಾ 57 ಮಿಲಿಗ್ರಾಂ, ಡಿಐಸಿ ಸುಮಾರು 63 ಮೈಕ್ರೊಲೀಟರ್.

ಅಣುತೂಕವನ್ನು ನೆನಪಿನಿಂದಲೋ ಹಳೆಯ ಪಟ್ಟಿಯಿಂದಲೋ ಬರೆಯದೆ ಕೈಯಲ್ಲಿರುವ ಬಾಟಲಿಯಿಂದಲೇ ಬರೆದುಕೊಳ್ಳಿ. ಕೆಲವು ಅಮೈನೋ ಆಮ್ಲಗಳು ಒಂದು ನೀರಿನ ಅಣುವಿನೊಂದಿಗೆ ಹರಳಾಗಿರುತ್ತವೆ. ಎಫ್‌ಮಾಕ್-ಅಲನೀನ್ 311.3 ಆದರೆ ಅದರ ಮಾನೊಹೈಡ್ರೇಟ್ 329.3. ನಾಲ್ಕು ಪಟ್ಟು ಹಾಕುವಾಗ ಈ ವ್ಯತ್ಯಾಸ ದೊಡ್ಡದಲ್ಲ. ದುಬಾರಿ ಅಮೈನೋ ಆಮ್ಲವನ್ನು ಒಂದೂವರೆ ಪಟ್ಟು ಮಾತ್ರ ಹಾಕುವಾಗ ದೊಡ್ಡದು.

6. ರೆಸಿನ್ ಸಿದ್ಧಮಾಡಿ, ಎಫ್‌ಮಾಕ್ ತೆಗೆಯಿರಿ

ರೆಸಿನ್ ಎಂದರೆ ಪಾಲಿಸ್ಟೈರೀನಿನ ಸಣ್ಣ ಮಣಿಗಳು. ಕೊನೆಯಲ್ಲಿ ಅಮೈಡ್ ಬೇಕಾದರೆ ರಿಂಕ್ ಅಮೈಡ್ ರೆಸಿನ್, ಆಮ್ಲ ಬೇಕಾದರೆ ವಾಂಗ್ ಅಥವಾ 2-ಕ್ಲೋರೊಟ್ರೈಟೈಲ್ ರೆಸಿನ್. ಮೊದಲ ಬಾರಿಗೆ ರಿಂಕ್ ಅಮೈಡ್ ಸುಲಭ, ಏಕೆಂದರೆ ಅದರಲ್ಲಿ ಮೊದಲ ಅಮೈನೋ ಆಮ್ಲವೂ ಉಳಿದವುಗಳ ಹಾಗೆಯೇ ಜೋಡಣೆಯಾಗುತ್ತದೆ. ಗ್ರಾಂಗೆ 0.5 ಮಿಲಿಮೋಲ್ ಧಾರಣೆಯಿರುವ, ಅಂದರೆ ಪ್ರತಿ ಗ್ರಾಂನಲ್ಲಿ ಜೋಡಣೆಗೆ ಅಷ್ಟು ಅಮೈನ್ ಜಾಗಗಳಿರುವ, ರೆಸಿನ್ ಆದರೆ 200 ಮಿಲಿಗ್ರಾಂ ತೂಗಿ, ತಳದಲ್ಲಿ ಫ್ರಿಟ್ ಎಂಬ ಸೋಸುವ ಬಿಲ್ಲೆ ಇರುವ 10 ಮಿಲಿಲೀಟರ್ ಪಾಲಿಪ್ರೊಪಿಲೀನ್ ಸಿರಿಂಜಿಗೆ ಹಾಕಿ, ಡಿಎಂಎಫ್‌ನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಮಣಿಗಳು ಉಬ್ಬದಿದ್ದರೆ ಒಳಗಿನ ಅಮೈನಿಗೆ ಯಾವ ಕಾರಕವೂ ತಲುಪುವುದಿಲ್ಲ.

ರಿಂಕ್ ರೆಸಿನ್ ಸಾಮಾನ್ಯವಾಗಿ ಎಫ್‌ಮಾಕ್ ಸಮೇತ ಬರುತ್ತದೆ, ಆದ್ದರಿಂದ ಮೊದಲ ಕೆಲಸವೇ ಅದನ್ನು ತೆಗೆಯುವುದು. ಡಿಎಂಎಫ್‌ನಲ್ಲಿ ಶೇ. 20ರಷ್ಟು ಪಿಪೆರಿಡೀನ್ ದ್ರಾವಣವನ್ನು 5 ನಿಮಿಷ, ಹೊಸದಾಗಿ ಮತ್ತೆ 10 ನಿಮಿಷ ಹಾಕಿ ಅಲುಗಿಸಿ, ನಂತರ ಡಿಎಂಎಫ್‌ನಿಂದ ಐದಾರು ಸಲ ಚೆನ್ನಾಗಿ ತೊಳೆಯಿರಿ. ಪಿಪೆರಿಡೀನ್ ಉಳಿದರೆ ಮುಂದಿನ ಅಮೈನೋ ಆಮ್ಲದ ಎಫ್‌ಮಾಕ್ ಕೂಡ ಕಳಚಿ ಒಂದರ ಜಾಗದಲ್ಲಿ ಎರಡು ಸೇರುತ್ತವೆ.

ಕಳಚಿದ ಎಫ್‌ಮಾಕ್ ಪಿಪೆರಿಡೀನಿನೊಂದಿಗೆ ಕೂಡಿ 301 ನ್ಯಾನೊಮೀಟರಿನಲ್ಲಿ ಬೆಳಕನ್ನು ಹೀರುತ್ತದೆ. ಇದರಿಂದ ರೆಸಿನ್ನಿನ ನಿಜವಾದ ಧಾರಣೆಯನ್ನು ಅಳೆಯಬಹುದು. 5 ಮಿಲಿಗ್ರಾಂ ಒಣ ರೆಸಿನ್ನಿಗೆ 1 ಮಿಲಿಲೀಟರ್ ಪಿಪೆರಿಡೀನ್ ದ್ರಾವಣ ಹಾಕಿ 20 ನಿಮಿಷ ಬಿಟ್ಟು, ಅದರ 100 ಮೈಕ್ರೊಲೀಟರನ್ನು ಡಿಎಂಎಫ್‌ನಿಂದ 10 ಮಿಲಿಲೀಟರಿಗೆ ತೆಳುಮಾಡಿ. ರೆಸಿನ್ ಸೇರಿಸದ ಅದೇ ದ್ರಾವಣವನ್ನು ಹಾಗೆಯೇ ತೆಳುಮಾಡಿ ಶೂನ್ಯಕ್ಕೆ ಬಳಸಿ. ಹೀರಿಕೆಯನ್ನು 100ರಿಂದ ಗುಣಿಸಿ, 7.8 ಮತ್ತು ರೆಸಿನ್ನಿನ ಮಿಲಿಗ್ರಾಂಗಳ ಗುಣಲಬ್ಧದಿಂದ ಭಾಗಿಸಿದರೆ ಗ್ರಾಂಗೆ ಎಷ್ಟು ಮಿಲಿಮೋಲ್ ಎಂಬುದು ಸಿಗುತ್ತದೆ. ಹೀರಿಕೆ 0.195 ಬಂದರೆ ಧಾರಣೆ 0.5. ಹಳೆಯ ರೆಸಿನ್ ಬಳಸುವ ಮುನ್ನ ಈ ಅಳತೆಯನ್ನು ತಪ್ಪಿಸಬೇಡಿ.

7. ಜೋಡಣೆ

ಅಮೈನೋ ಆಮ್ಲ ಮತ್ತು ಆಕ್ಸಿಮಾವನ್ನು 2 ಮಿಲಿಲೀಟರ್ ಡಿಎಂಎಫ್‌ನಲ್ಲಿ ಪೂರ್ತಿ ಕರಗಿಸಿ, ಡಿಐಸಿ ಸೇರಿಸಿ, ಎರಡು ಮೂರು ನಿಮಿಷದ ನಂತರ ರೆಸಿನ್ನಿಗೆ ಹಾಕಿ. ಒಂದು ಗಂಟೆ ಕೋಣೆಯ ಉಷ್ಣತೆಯಲ್ಲಿ ಶೇಕರಿನ ಮೇಲೆ ಬಿಡಿ. ಆಮೇಲೆ ತೊಳೆದು, ಪರೀಕ್ಷಿಸಿ, ಎಫ್‌ಮಾಕ್ ತೆಗೆದು, ಮುಂದಿನದಕ್ಕೆ ಹೋಗಿ. ಸುತ್ತು ಇಷ್ಟೇ; ಆದರೆ ನಮ್ಮ ಸರಣಿಯ ಎರಡು ಜಾಗಗಳಲ್ಲಿ ನಿಲ್ಲಬೇಕು.

ಮೊದಲನೆಯದು ಆರ್ಜಿನೀನ್. ಸಕ್ರಿಯಗೊಂಡ ಆರ್ಜಿನೀನ್ ತನ್ನದೇ ಪಾರ್ಶ್ವ ಸರಪಳಿಯೊಂದಿಗೆ ಉಂಗುರ ಕಟ್ಟಿಕೊಂಡು ವ್ಯರ್ಥವಾಗುತ್ತದೆ. ಆದ್ದರಿಂದ ಡಿಐಸಿ ಸೇರಿಸಿದ ಮೇಲೆ ಕಾಯದೆ ಕೂಡಲೇ ರೆಸಿನ್ನಿಗೆ ಹಾಕಿ, ಒಂದು ಗಂಟೆಯ ನಂತರ ಹೊಸ ದ್ರಾವಣದಿಂದ ಎರಡನೆಯ ಸಲ ಜೋಡಿಸಿ. ಇದಕ್ಕಾಗಿ ಮೇಲಿನ 260 ಮಿಲಿಗ್ರಾಂ ಅನ್ನು ಎರಡು ಸಲ ತೂಗಿಡಿ.

ಎರಡನೆಯದು ಆಸ್ಪಾರ್ಟಿಕ್ ಆಮ್ಲ. ಓದುವ ಕ್ರಮದಲ್ಲಿ ಅದರ ಮುಂದೆ ಗ್ಲೈಸೀನ್, ಸೆರೀನ್ ಅಥವಾ ಆಸ್ಪರಜೀನ್ ಇದ್ದರೆ ಪಿಪೆರಿಡೀನಿನ ಸಮ್ಮುಖದಲ್ಲಿ ಪಾರ್ಶ್ವದ ಎಸ್ಟರ್ ಕಳೆದು ಆಸ್ಪಾರ್ಟಿಮೈಡ್ ಎಂಬ ಐದು ಮೂಲೆಯ ಉಂಗುರ ಆಗಬಹುದು. ನಮ್ಮಲ್ಲಿ ಸೆರೀನ್ ಇದೆ, ಮತ್ತು ಆಸ್ಪಾರ್ಟಿಕ್ ಆಮ್ಲ ಸೇರಿದ ನಂತರ ಪಿಪೆರಿಡೀನನ್ನು ಇನ್ನೂ ನಾಲ್ಕು ಸುತ್ತು ಬಳಸುತ್ತೇವೆ. ಆ ಉಂಗುರ ನೀರಿನಿಂದ ತೆರೆದುಕೊಂಡರೆ ಸರಪಳಿ ಪಾರ್ಶ್ವದ ಮೂಲಕ ಹಾದುಹೋಗುವ ರೂಪ ಸಿಗುತ್ತದೆ, ಅದರ ತೂಕವೂ ಸರಿಯಾದದ್ದರ ತೂಕವೇ. ತಡೆಯಲು ಪಿಪೆರಿಡೀನ್ ದ್ರಾವಣಕ್ಕೆ 0.1 ಮೋಲಾರ್ ಆಗುವಷ್ಟು ಆಕ್ಸಿಮಾ ಸೇರಿಸಿ, ಸಮಯವನ್ನು ಅಗತ್ಯಕ್ಕಿಂತ ಎಳೆಯಬೇಡಿ, ಬಿಸಿಯನ್ನಂತೂ ಮಾಡಬೇಡಿ. ಆಸ್ಪಾರ್ಟಿಕ್–ಗ್ಲೈಸೀನ್ ಜೋಡಿಯಿರುವ ಉದ್ದ ಸರಣಿಗಳಿಗೆ ಇದಿಷ್ಟೇ ಸಾಲದು. ಅಲ್ಲಿ ಹೆಚ್ಚು ದೊಡ್ಡ ಎಸ್ಟರ್ ಇರುವ ಆಸ್ಪಾರ್ಟಿಕ್ ಆಮ್ಲವನ್ನೋ, ಬೆನ್ನೆಲುಬಿನ ಸಾರಜನಕಕ್ಕೆ ರಕ್ಷಣೆಯಿರುವ ಡಿಎಂಬಿ-ಗ್ಲೈಸೀನನ್ನೋ ಕೊಳ್ಳಿ. ಬೆಲೆ ಹೆಚ್ಚು, ಆದರೆ ಬೇರ್ಪಡಿಸಲಾಗದ ಮಿಶ್ರಣದ ಮೇಲೆ ವ್ಯಯಿಸುವ ಶ್ರಮಕ್ಕೆ ಹೋಲಿಸಿದರೆ ಕಡಿಮೆ.

ನಿಮ್ಮ ಮುಂದಿನ ಸರಣಿಗಳಲ್ಲಿ ಸಿಸ್ಟೀನ್ ಅಥವಾ ಹಿಸ್ಟಿಡೀನ್ ಬಂದರೆ ಅವು ಜೋಡಣೆಯ ವೇಳೆ ಡಿ ರೂಪಕ್ಕೆ ತಿರುಗುವ ಪ್ರವೃತ್ತಿಯುಳ್ಳವು ಎಂಬುದನ್ನು ನೆನಪಿಡಿ. ಪ್ರತ್ಯಾಮ್ಲವಿಲ್ಲದೆ ನಡೆಯುವ ಡಿಐಸಿ–ಆಕ್ಸಿಮಾ ಜೋಡಣೆ ಅವಕ್ಕೆ ಎಚ್‌ಬಿಟಿಯುಗಿಂತ ಮೇಲು.

ಸಂಜೆಗೆ ಕೆಲಸ ನಿಲ್ಲಿಸಬೇಕಾದರೆ ಎಫ್‌ಮಾಕ್ ಇರುವ ಹಂತದಲ್ಲಿ ನಿಲ್ಲಿಸಿ. ಡಿಸಿಎಂನಿಂದ ತೊಳೆದು, ಒಣಗಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ತೆರೆದ ಅಮೈನನ್ನು ರಾತ್ರಿಯಿಡೀ ಬಿಡಬೇಡಿ.

8. ಪ್ರತಿ ಜೋಡಣೆಯ ನಂತರ ಕೆಲವು ಮಣಿಗಳನ್ನು ಪರೀಕ್ಷಿಸಿ

ತೆರೆದ ಅಮೈನ್ ಉಳಿದಿದೆಯೇ ಎಂದು ಬಣ್ಣದಿಂದ ತೋರಿಸುವ ಕೈಸರ್ ಪರೀಕ್ಷೆಗೆ ಹತ್ತಿಪ್ಪತ್ತು ಮಣಿಗಳು ಸಾಕು. ನಿನ್‌ಹೈಡ್ರಿನ್, ಫಿನಾಲ್ ಮತ್ತು ಪೊಟ್ಯಾಸಿಯಮ್ ಸಯನೈಡ್–ಪಿರಿಡೀನ್ ದ್ರಾವಣಗಳ ಎರಡೆರಡು ಹನಿ ಹಾಕಿ ಸುಮಾರು 110 ಡಿಗ್ರಿಯಲ್ಲಿ ಐದು ನಿಮಿಷ ಬಿಸಿಮಾಡಿ. ದ್ರಾವಣ ಹಳದಿಯಾಗಿಯೂ ಮಣಿಗಳು ಬಣ್ಣವಿಲ್ಲದೆಯೂ ಉಳಿದರೆ ಜೋಡಣೆ ಮುಗಿದಿದೆ. ಮಣಿಗಳು ನೀಲಿಯಾದರೆ ಅಮೈನ್ ಇನ್ನೂ ಉಳಿದಿದೆ, ಮತ್ತೊಮ್ಮೆ ಜೋಡಿಸಿ. ಸಯನೈಡ್ ಇರುವ ತ್ಯಾಜ್ಯ ಆಮ್ಲದೊಂದಿಗೆ ಎಂದಿಗೂ ಬೆರೆಯಬಾರದು.

ಪರೀಕ್ಷೆಯನ್ನು ಎರಡು ಕಡೆ ಮಾಡಿ, ಎಫ್‌ಮಾಕ್ ತೆಗೆದ ಮೇಲೂ ಜೋಡಣೆಯಾದ ಮೇಲೂ. ತೆಗೆದ ಮೇಲೆ ನೀಲಿ ಬಾರದಿದ್ದರೆ ಜೋಡಣೆಯ ನಂತರ ನೀಲಿ ಬಾರದಿರುವುದಕ್ಕೆ ಅರ್ಥವಿಲ್ಲ. ಸೆರೀನ್, ಆಸ್ಪಾರ್ಟಿಕ್ ಆಮ್ಲ, ಆಸ್ಪರಜೀನ್‌ಗಳ ಅಮೈನ್ ಕಡುನೀಲಿಗೆ ಬದಲು ಕೆಂಪು ಅಥವಾ ಕಂದು ಛಾಯೆ ಕೊಡಬಹುದು. ಅದನ್ನು ಅಮೈನ್ ಇಲ್ಲವೆಂದು ಓದಬೇಡಿ. ಪ್ರೊಲೀನಿನದು ದ್ವಿತೀಯಕ ಅಮೈನ್ ಆದ್ದರಿಂದ ಅಲ್ಲಿ ಕೈಸರ್ ಬದಲು ಕ್ಲೋರಾನಿಲ್ ಪರೀಕ್ಷೆ ಬಳಸಿ.

9. ರೆಸಿನ್ನಿನಿಂದ ಬಿಡಿಸಿ

ಕೊನೆಯ ಗ್ಲೈಸೀನಿನ ಎಫ್‌ಮಾಕ್ ತೆಗೆಯಲು ಮರೆಯಬೇಡಿ. ಟಿಎಫ್‌ಎ ಅದನ್ನು ತೆಗೆಯುವುದಿಲ್ಲ. ಡಿಎಂಎಫ್‌ನಿಂದ, ಆಮೇಲೆ ಡಿಸಿಎಂನಿಂದ ತೊಳೆದು ರೆಸಿನ್ನನ್ನು ಚೆನ್ನಾಗಿ ಒಣಗಿಸಿ. ಟಿಎಫ್‌ಎ 4.75 ಮಿಲಿಲೀಟರ್, ಟ್ರೈಐಸೊಪ್ರೊಪೈಲ್‌ಸಿಲೇನ್ 0.125 ಮತ್ತು ನೀರು 0.125 ಬೆರೆಸಿ ಹಾಕಿ. ಕಳಚುವ ಟರ್ಷರಿ ಬ್ಯುಟೈಲ್ ಮತ್ತು ಪಿಬಿಎಫ್ ಗುಂಪುಗಳು ಧನಾತ್ಮಕ ಅಯಾನುಗಳಾಗಿ ತಿರುಗಾಡುತ್ತವೆ, ಅವು ಮತ್ತೆ ಪೆಪ್ಟೈಡಿಗೆ ಅಂಟದಂತೆ ಹಿಡಿಯುವುದು ಸಿಲೇನ್ ಮತ್ತು ನೀರಿನ ಕೆಲಸ. ಪಿಬಿಎಫ್ ಇರುವುದರಿಂದ ಎರಡೂವರೆ–ಮೂರು ಗಂಟೆ ಕೊಡಿ. ಸಿಸ್ಟೀನ್ ಇರುವ ಸರಣಿಯಾದರೆ ಈಥೇನ್‌ಡೈಥಯೋಲನ್ನೂ ಶೇ. 2.5ರಷ್ಟು ಸೇರಿಸುವುದು ವಾಡಿಕೆ.

ದ್ರಾವಣವನ್ನು ಸೋಸಿ, ಸಾರಜನಕದ ಹರಿವಿನಲ್ಲಿ ಸುಮಾರು 1 ಮಿಲಿಲೀಟರಿಗೆ ಇಳಿಸಿ, ತಣ್ಣನೆಯ ಎಂಟಿಬಿಇ ಎಂಬ ಈಥರ್‌ನ 30–40 ಮಿಲಿಲೀಟರಿಗೆ ಸುರಿಯಿರಿ. ಟಿಎಫ್‌ಎ ಹೆಚ್ಚು ಉಳಿದಿದ್ದರೆ ಇಷ್ಟು ಚಿಕ್ಕ ಪೆಪ್ಟೈಡ್ ಪೂರ್ತಿ ಕೆಳಗೆ ಕೂರುವುದಿಲ್ಲ. ಈಥರ್ ಪದರವನ್ನು ಚೆಲ್ಲುವ ಮುನ್ನ ಅದರಲ್ಲಿ ಪೆಪ್ಟೈಡ್ ಉಳಿದಿದೆಯೇ ಎಂದು ನೋಡಿ, ಉತ್ಪನ್ನ ಕೈಯಲ್ಲಿದೆ ಎಂದು ಖಚಿತವಾಗುವವರೆಗೆ ಅದನ್ನೂ ರೆಸಿನ್ನನ್ನೂ ಎಸೆಯಬೇಡಿ. ಸೆಂಟ್ರಿಫ್ಯೂಜ್ ಬಳಸುವಾಗ ನಳಿಕೆಗಳ ಮುಚ್ಚಳ ಬಿಗಿಯಾಗಿರಲಿ. ಈಥರ್‌ನ ಹಬೆಗೆ ಒಂದು ಕಿಡಿ ಸಾಕು.

10. ಸ್ಪೆಕ್ಟ್ರಮ್ ಓದಿ, ಶುದ್ಧೀಕರಿಸಿ, ತೂಗಿ

ನಮ್ಮ ಪೆಪ್ಟೈಡಿಗೆ ಒಂದು ಪ್ರೋಟಾನ್ ಸೇರಿದಾಗಿನ ತೂಕ 490.24. ಅದು ಕಂಡರೆ ಒಳ್ಳೆಯದು. ಅದರೊಂದಿಗೆ 742.3 ಕಂಡರೆ ಪಿಬಿಎಫ್ ಇನ್ನೂ ಕಳಚಿಲ್ಲ, ಟಿಎಫ್‌ಎಯಲ್ಲಿ ಮತ್ತಷ್ಟು ಹೊತ್ತು ಇಡಿ. 546.3 ಆದರೆ ಒಂದು ಟರ್ಷರಿ ಬ್ಯುಟೈಲ್ ಉಳಿದಿದೆ. 472.2 ಆಸ್ಪಾರ್ಟಿಮೈಡ್, 557.3 ಅದೇ ಉಂಗುರಕ್ಕೆ ಪಿಪೆರಿಡೀನ್ ಸೇರಿದ್ದು. 433.2 ಆದರೆ ಒಂದು ಗ್ಲೈಸೀನ್ ಬಿಟ್ಟುಹೋಗಿದೆ, 334.1 ಆದರೆ ಆರ್ಜಿನೀನ್. ಈ ಅಂಕಿಗಳನ್ನು ಸಂಶ್ಲೇಷಣೆಗೆ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಅಪರಿಚಿತ ಶಿಖರದ ಮುಂದೆ ಕುಳಿತು ಊಹಿಸುವ ಕೆಲಸ ತಪ್ಪುತ್ತದೆ.

ನೀರನ್ನು ಇಷ್ಟಪಡದ ಅಣುಗಳನ್ನು ಹೆಚ್ಚು ಹೊತ್ತು ಹಿಡಿದಿಡುವ ಸಿ18 ಸ್ತಂಭದಲ್ಲಿ ಶುದ್ಧೀಕರಿಸುವಾಗ ಈ ಪೆಪ್ಟೈಡ್ ನೀರನ್ನು ಬಹಳವಾಗಿ ಇಷ್ಟಪಡುವುದರಿಂದ ಹೆಚ್ಚುಕಡಿಮೆ ದ್ರಾವಕದೊಂದಿಗೇ ಹೊರಬರುತ್ತದೆ. ಶೇ. 5 ಅಸಿಟೊನೈಟ್ರೈಲ್‌ನಿಂದ ಶುರುಮಾಡುವ ಸಾಮಾನ್ಯ ಕ್ರಮ ಇಲ್ಲಿ ಸಲ್ಲದು, ಶೇ. 0.1 ಟಿಎಫ್‌ಎ ಇರುವ ಬರೀ ನೀರಿನಿಂದ ಆರಂಭಿಸಿ, ನಿಧಾನವಾಗಿ ಏರಿಸಿ. ಆಸ್ಪಾರ್ಟಿಕ್ ಆಮ್ಲದ ತಿರುಗಿದ ರೂಪ ಪಕ್ಕದ ಭುಜವಾಗಿ ಕಾಣುವುದಿದ್ದರೆ ಇಲ್ಲೇ ಕಾಣಬೇಕು.

ಫ್ರೀಜ್ ಡ್ರೈ ಮಾಡಿದ ಮೇಲೆ ಸಿಗುವ ಬಿಳಿ ಪುಡಿ ಬರೀ ಪೆಪ್ಟೈಡ್ ಅಲ್ಲ, ಅದರ ಟಿಎಫ್‌ಎ ಲವಣ. ನಮ್ಮದರಲ್ಲಿ ಆರ್ಜಿನೀನ್ ಒಂದು, ಅಮೈನೋ ತುದಿ ಒಂದು, ಹೀಗೆ ಎರಡು ಪ್ರತ್ಯಾಮ್ಲೀಯ ಜಾಗಗಳಿರುವುದರಿಂದ ಎರಡು ಟಿಎಫ್‌ಎ ಅಣುಗಳು ಸೇರುತ್ತವೆ, ಅಣುತೂಕ 489.5ರಿಂದ 717.5ಕ್ಕೆ ಏರುತ್ತದೆ. ಅಂದರೆ ತೂಗಿದ 10 ಮಿಲಿಗ್ರಾಂನಲ್ಲಿ ಪೆಪ್ಟೈಡ್ ಹೆಚ್ಚೆಂದರೆ 6.8 ಮಿಲಿಗ್ರಾಂ, ನೀರಿನಂಶ ಇದ್ದರೆ ಇನ್ನೂ ಕಡಿಮೆ. ಜೀವಕೋಶಗಳೊಂದಿಗೆ ಕೆಲಸ ಮಾಡುವ ಸಹೋದ್ಯೋಗಿಗೆ ಸೀಸೆ ಕೊಡುವಾಗ ಈ ಸಂಗತಿಯನ್ನು ಲೇಬಲ್ ಮೇಲೆಯೇ ಬರೆಯಿರಿ. ಟಿಎಫ್‌ಎ ಅವರ ಪ್ರಯೋಗಕ್ಕೆ ಅಡ್ಡಿಯಾಗುವುದಾದರೆ ಅಸಿಟೇಟ್ ಅಥವಾ ಕ್ಲೋರೈಡ್ ಲವಣಕ್ಕೆ ಬದಲಾಯಿಸಿ ಕೊಡಿ. ಉಳಿದದ್ದನ್ನು ಒಣ ಪುಡಿಯಾಗಿಯೇ, ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟು ಸಣ್ಣ ಸೀಸೆಗಳಲ್ಲಿ ಹಂಚಿ, ಮೈನಸ್ 20 ಡಿಗ್ರಿಯಲ್ಲಿಡಿ, ಮತ್ತು ಬಳಸಿದ ನಾಲ್ಕು ಬಾಟಲಿಗಳ ಬ್ಯಾಚ್ ಸಂಖ್ಯೆಗಳನ್ನು ಆ ಸೀಸೆಗಳ ದಾಖಲೆಯೊಂದಿಗೆ ಸೇರಿಸಿ.